ಅತ್ತಿಗೆಯ ಹೊಲಿಗೆ, ಬ್ಯಾಗಣ್ಣನ ಭಾಷಣ

ನಮ್ಮ ಬೀದಿಯಲ್ಲಿ ಬ್ಯಾಗಣ್ಣ ಎಂದರೆ ಗೊತ್ತಿಲ್ಲದವರಿಲ್ಲ. ಅವನ ಅಂಗಡಿಯ ಎದುರಿಗೇ ನನ್ನದು, ರಬ್ಬರ್ ಸ್ಟ್ಯಾಂಪು ಮಾಡುವ ಗೂಡು. ನಡುವೆ ಇರುವುದು ಹನ್ನೆರಡು ಹೆಜ್ಜೆ ರಸ್ತೆ. ಅವನು ಅಲ್ಲಿ ಆಕಳಿಸಿದರೆ ನನಗೆ ಇಲ್ಲಿ ಆಕಳಿಕೆ ಬರುತ್ತಿತ್ತು. ಹಾಗಾಗಿ ಈಗ ಹೇಳುವುದರಲ್ಲಿ ನಾನು ಕೇಳಿದ್ದಕ್ಕಿಂತ ಕಂಡದ್ದೇ ಹೆಚ್ಚು. ಕಂಡೂ ಬಾಯಿ ಮುಚ್ಚಿಕೊಂಡಿದ್ದದ್ದೂ ಉಂಟು.

ಅಂಗಡಿ ಅವರಪ್ಪನದು. ಹರಿದ ಬ್ಯಾಗಿಗೆ ಜಿಪ್ಪು ಹಾಕುವುದು, ಕಿತ್ತುಹೋದ ಪಟ್ಟಿ ಹೊಲಿಯುವುದು, ಇಷ್ಟೇ ಕೆಲಸ. ಅಪ್ಪ ತೀರಿಕೊಂಡ ಮೇಲೆ ದೊಡ್ಡ ಮಗ ಲಾರಿ ಹತ್ತಿದ. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅಂಗಡಿ ಕಿರಿಯವನ ಪಾಲಿಗೆ ಬಂತು. ಅವನೇ ಬ್ಯಾಗಣ್ಣ. ಆಗವನಿಗೆ ಹದಿನೇಳು. ಕೈಕೆಲಸ ಅಷ್ಟಕ್ಕಷ್ಟೇ, ಆದರೆ ಮಾತು ಮಾತ್ರ ನೀರು ಹರಿದ ಹಾಗೆ. ಜಿಪ್ಪು ಸರಿಮಾಡಿಸಲು ಬಂದವರು ಅವನ ಮಾತಿಗೆ ಸೋತು ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಜಿಪ್ಪು ಮಾರನೆಯ ವಾರ ಮತ್ತೆ ಬಾಯಿ ಬಿಡುತ್ತಿತ್ತು.

ಅದೇ ವರ್ಷ ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದರು. ಗಂಡ ಊರೂರು ಸುತ್ತುವವನು, ಮನೆಯಲ್ಲಿ ಒಬ್ಬರೇ ಕೂತು ಬೇಸತ್ತು, ಒಂದು ದಿನ ಅಂಗಡಿಗೆ ಬಂದು ಹಿಂದಿನ ಮಿಷನ್ ಮುಂದೆ ಕೂತರು. ಕೂತವರು ಮತ್ತೆ ಏಳಲಿಲ್ಲ. ಮಾತು ಕಡಿಮೆ. ಗಿರಾಕಿಗಳ ಕಣ್ಣು ತಪ್ಪಿಸಲು ತಮ್ಮ ಮುಂದೆ ತಾವೇ ಒಂದು ಹಳೇ ಪರದೆ ಕಟ್ಟಿಕೊಂಡರು. ಮುಂದೆ ಕೌಂಟರಿನಲ್ಲಿ ಮೈದುನನ ಮಾತು, ಹಿಂದೆ ಪರದೆಯಾಚೆ ಅತ್ತಿಗೆಯ ಮಿಷನ್ ಸದ್ದು. ಬೀದಿಯವರೆಲ್ಲ, ಅವರಿಗಿಂತ ದೊಡ್ಡವರೂ ಸೇರಿ, ಅವರನ್ನು ಅತ್ತಿಗೆ ಎಂದೇ ಕರೆಯುವುದು ರೂಢಿಯಾಯಿತು.

ಮುಂದಿನ ಹದಿನಾರು ವರ್ಷಗಳಲ್ಲಿ ಆ ಅಂಗಡಿ ಬೆಳೆದ ಬಗೆ ನೋಡಿ ನಮಗೆಲ್ಲ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು. ರಿಪೇರಿಯಷ್ಟೇ ಇದ್ದಲ್ಲಿ ಸ್ವಂತ ಶಾಲಾ ಬ್ಯಾಗು ಬಂತು. ಪಕ್ಕದ ಮಳಿಗೆ ಸೇರಿಕೊಂಡಿತು. ಹನ್ನೊಂದು ಮನೆಗಳಲ್ಲಿ ಹೆಂಗಸರು ಇವರಿಗಾಗಿ ಹೊಲಿಯುತ್ತಿದ್ದರು. ನಾಲ್ಕು ಶಾಲೆಗಳು ವರ್ಷವರ್ಷ ಬ್ಯಾಗು ತೆಗೆದುಕೊಳ್ಳುತ್ತಿದ್ದವು. ಹೊರಗಿನವರು ಬ್ಯಾಗಣ್ಣನ ಬುದ್ಧಿವಂತಿಕೆಯನ್ನು ಹೊಗಳುತ್ತಿದ್ದರು. ಅವನು ಮೊದಮೊದಲು, "ನಂದೇನಿಲ್ಲ ಬಿಡಿ, ಎಲ್ಲಾ ಅತ್ತಿಗೆದು," ಎನ್ನುತ್ತಿದ್ದ. ಆಮೇಲಾಮೇಲೆ "ನಂದೇನಿಲ್ಲ ಬಿಡಿ," ಎಂಬಲ್ಲಿಗೆ ನಿಲ್ಲಿಸತೊಡಗಿದ. ಕೊನೆಗೆ ಸುಮ್ಮನೆ ನಗುತ್ತಿದ್ದ. ಒಮ್ಮೆ ನನ್ನ ಗೂಡಿಗೆ ಬಂದು ತನ್ನ ಹೆಸರಿನ ಕೆಳಗೆ ‘ಮಾಲೀಕರು’ ಎಂದು ಸ್ಟ್ಯಾಂಪು ಮಾಡಿಸಿಕೊಂಡ. ಅತ್ತಿಗೆಯ ಹೆಸರು ಬೇಡವೇ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ನನಗ್ಯಾಕೆ ಊರ ಉಸಾಬರಿ ಎಂದುಕೊಂಡೆ.

ಹೀಗಿರುವಾಗ ವರ್ತಕರ ಸಂಘದವರು ಒಂದು ಭಾನುವಾರ ಬೆಳಿಗ್ಗೆ ಸಭೆ ಇಟ್ಟುಕೊಂಡರು. ಸಣ್ಣ ಅಂಗಡಿಯವರು ಬೆಳೆಯುವುದು ಹೇಗೆ ಎಂಬ ವಿಷಯ. ಭಾಷಣಕ್ಕೆ ಬ್ಯಾಗಣ್ಣನನ್ನೇ ಕರೆದರು. ಹೊರಗಿನಿಂದ ಯಾರನ್ನೋ ಕರೆಸುವ ಬದಲು ನಮ್ಮವನೇ ಹೇಳಲಿ, ನಮಗೂ ಅರ್ಥವಾದೀತು ಎಂದು ಅವರ ಲೆಕ್ಕ. ಅವನು ಹದಿನೈದು ದಿನ ಮೊದಲೇ ನನ್ನ ಎದುರು ನಿಂತು ಅಭ್ಯಾಸ ಮಾಡಿದ. ಆಗೆಲ್ಲ "ನಾವು ಹೀಗೆ ಮಾಡಿದ್ವಿ, ನಾವು ಹಾಗೆ ಮಾಡಿದ್ವಿ," ಎಂದೇ ಹೇಳುತ್ತಿದ್ದ. ಅದು ಸತ್ಯದಿಂದ ಪೂರ್ತಿ ದೂರವೂ ಇರಲಿಲ್ಲ.

ಸಭೆಯ ದಿನ ಐವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಎಲ್ಲವೂ ತುಂಬಿದವು. ಮೈಕು ಒಂದೆರಡು ಸಲ ಕಿರುಚಿ ಸುಮ್ಮನಾಯಿತು. ಅತ್ತಿಗೆ ಹತ್ತು ವರ್ಷದ ಮಗಳ ಜತೆ ಮೂರನೆಯ ಸಾಲಿನಲ್ಲಿ ಕೂತಿದ್ದರು. ಪೆಟ್ಟಿಗೆಯಿಂದ ತೆಗೆದ ಮಡಿಕೆ ಬಿಡದ ಸೀರೆ. ಸಂಘದ ಕಾರ್ಯದರ್ಶಿ ಮೈಕಿನ ಮುಂದೆ ನಿಂತು, "ಯಾರ ಸಹಾಯವೂ ಇಲ್ಲದೆ, ಒಬ್ಬರೇ ಒಂದು ಉದ್ಯಮ ಕಟ್ಟಿದ ನಮ್ಮ ಬ್ಯಾಗಣ್ಣ," ಎಂದು ಪರಿಚಯ ಮಾಡಿದರು. ಇವನು ಎದ್ದು ಕೈ ಮುಗಿದ. ಆ ಮಾತನ್ನು ತಿದ್ದಲಿಲ್ಲ.

ಒಂದು ಸಲ ತಿದ್ದದೆ ಬಿಟ್ಟ ಮೇಲೆ ಮುಂದಿನದೆಲ್ಲ ಇಳಿಜಾರು. ‘ನಾವು’ ಹೋಗಿ ‘ನಾನು’ ಬಂತು. "ಶಾಲಾ ಬ್ಯಾಗುಗಳೆಲ್ಲ ಪಟ್ಟಿಯ ಬುಡದಲ್ಲೇ ಹರೀತವೆ ಅಂತ ನಾನು ಕಂಡುಕೊಂಡೆ," ಎಂದ. ಕಂಡುಕೊಂಡವರು ಅತ್ತಿಗೆ. ರಿಪೇರಿಗೆ ಬಂದ ಒಂದೊಂದು ಬ್ಯಾಗಿಗೂ ಎಲ್ಲಿ ಹರಿದಿದೆ ಎಂದು ವರ್ಷವಿಡೀ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದದ್ದನ್ನು ನಾನೇ ನೋಡಿದ್ದೇನೆ. ಆ ಗೀಟುಗಳನ್ನು ನೋಡಿಯೇ ಪಟ್ಟಿಯ ಬುಡಕ್ಕೆ ಎರಡು ಪದರ ರೆಕ್ಸಿನ್ ಕೊಟ್ಟು, ಚೌಕಾಕಾರದಲ್ಲಿ ಹೊಲಿದು, ನಡುವೆ ಅಡ್ಡಡ್ಡ ಹೊಲಿಗೆ ಹಾಕಿ ಮೊದಲ ಸ್ವಂತ ಬ್ಯಾಗು ಮಾಡಿದ್ದರು. "ಆರ್ಡರ್ ಬಂದ್ರೆ ಬಿಡಬೇಡಿ. ಮೊದಲು ಹೂಂ ಅನ್ನಿ, ಕೈಗಳನ್ನ ಆಮೇಲೆ ಹುಡುಕಿ. ಮನೆಮನೆಗೆ ಕೆಲಸ ಹಂಚಿ," ಎಂದು ಅವನು ಮೇಜು ಕುಟ್ಟಿದ. ಜನ ಬರೆದುಕೊಂಡರು.

ಹಿಂದಿನಿಂದ ಯಾರೋ ಕೇಳಿದರು, "ಮನೆಯವರ ಸಹಕಾರ ಹೇಗಿತ್ತು?"

ಬ್ಯಾಗಣ್ಣ ನಕ್ಕ. "ಇದ್ದಾರಲ್ಲ ನಮ್ಮತ್ತಿಗೆ, ಇಲ್ಲೇ ಕೂತಿದ್ದಾರೆ. ಬಿಡುವಾದಾಗ ಬಂದು ಗುಂಡಿ ಗಿಂಡಿ ಹಾಕಿಕೊಡ್ತಾರೆ."

ಸಭೆ ಗೊಳ್ಳೆಂದು ನಕ್ಕಿತು. ಆ ನಗು ಇಳಿಯುವಷ್ಟರಲ್ಲಿ ಮೂರನೆಯ ಸಾಲಿನಿಂದ ಮಗುವಿನ ದನಿ ಕೇಳಿತು. "ಅಮ್ಮಾ, ನಮ್ ಬ್ಯಾಗಿಗೆ ಗುಂಡಿನೇ ಇಲ್ವಲ್ಲಾ? ಚಿಕ್ಕಪ್ಪ ಯಾಕೆ ಹಾಗಂದ್ರು?"

"ಶ್, ಸುಮ್ನಿರು," ಎಂದರು ಅತ್ತಿಗೆ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವರೂ ತಟ್ಟಿದರು. ನಾನು ನೋಡುತ್ತಲೇ ಇದ್ದೆ. ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ತೋರುಬೆರಳಿನ ಆ ಕೈಗಳು, ಬೇರೆ ಯಾರ ಕೈಗಿಂತಲೂ ಕಡಿಮೆಯಿಲ್ಲದೆ, ಕೊನೆಯವರೆಗೆ ತಟ್ಟಿದವು. ನಾನೂ ತಟ್ಟಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ವೇದಿಕೆ ಇಳಿದಾಗಲೇ ಬ್ಯಾಗಣ್ಣನಿಗೆ ಒಳಗೊಳಗೇ ಚುಚ್ಚುತ್ತಿತ್ತಂತೆ. ಆದರೆ ಹೊಗಳುವವರು ಸುತ್ತ ಮುತ್ತಿಕೊಂಡಿದ್ದರು. ಮನೆಗೆ ಹೋಗಿ ಅತ್ತಿಗೆಗೆ ಒಂದು ಮಾತು ಹೇಳೋಣವೆಂದುಕೊಂಡ. ಅವರು ಎಂದಿನಂತೆ ತಟ್ಟೆ ಇಟ್ಟು, "ಚೆನ್ನಾಗಿ ಮಾತಾಡಿದೆ. ಗಂಟಲು ಒಣಗಿರುತ್ತೆ, ಬಿಸಿನೀರು ಕುಡಿ," ಎಂದರು. ಅಷ್ಟಕ್ಕೇ ಬಚಾವಾದೆ ಎನಿಸಿ ಇವನು ಸುಮ್ಮನಾದ.

ಸಭೆಗೆ ಬಂದವರಲ್ಲಿ ದಿಂಬಿನಮ್ಮ ಒಬ್ಬರು. ಬೀದಿಯ ತುದಿಯಲ್ಲಿ ದಿಂಬು ಹೊಲಿದು ಮಾರುವವರು. ಐವತ್ತು ದಾಟಿದ ಒಂಟಿ ಹೆಂಗಸು. ಹತ್ತಿ ತುಂಬುವುದರಿಂದ ಹೊಲಿಗೆ ಹಾಕುವವರೆಗೆ ಎಲ್ಲ ಒಬ್ಬರೇ. ಅವರ ದಿಂಬಿಗೆ ತಲೆ ಕೊಟ್ಟವರು ಬೇರೆ ದಿಂಬಿಗೆ ಒಪ್ಪುತ್ತಿರಲಿಲ್ಲ. ಮರುದಿನವೇ ಅವರು ಬ್ಯಾಗಣ್ಣನ ಅಂಗಡಿಗೆ ಬಂದರು. ಒಂದು ಹಾಸ್ಟೆಲಿನವರು ಮುನ್ನೂರು ದಿಂಬು, ಗವಸು ಸಮೇತ, ಬೇಕೆಂದು ಕೇಳಿದ್ದಾರೆ, ಒಪ್ಪಿಕೊಳ್ಳಲೇ ಬೇಡವೇ ಎಂದು ಕೇಳಿದರು. ನಾನು ಅಂಟಿನ ಡಬ್ಬಿ ಕೇಳಲು ಹೋಗಿದ್ದವನು ಅಲ್ಲೇ ಇದ್ದೆ.

"ಯೋಚನೆನೇ ಮಾಡ್ಬೇಡಿ ಅಮ್ಮಾ, ಒಪ್ಕೊಳಿ," ಎಂದ ಬ್ಯಾಗಣ್ಣ. "ಒಂಬತ್ತು ಹತ್ತು ಮನೆ ಹುಡುಕಿ. ಬಟ್ಟೆ ಕೊಡಿ, ಹತ್ತಿ ಕೊಡಿ, ಅಳತೆ ಹೇಳಿ. ತಾನಾಗೇ ಆಗುತ್ತೆ."

"ಅಷ್ಟು ಸಲೀಸೇ?"

"ನಮ್ದು ಆಗ್ಲಿಲ್ವೇ?"

ಪರದೆಯ ಹಿಂದೆ ಮಿಷನ್ ಒಂದು ಕ್ಷಣ ನಿಂತಿತು. ಅತ್ತಿಗೆ ಏನೋ ಹೇಳಲು ಗಂಟಲು ಸರಿಮಾಡಿಕೊಂಡ ಹಾಗೆ ಕೇಳಿಸಿತು. ಇವನು ಮಾತು ಮುಂದುವರಿಸಿಬಿಟ್ಟ. ಮಿಷನ್ ಮತ್ತೆ ಶುರುವಾಯಿತು.

ಆರು ವಾರ ಕಳೆದಿರಬೇಕು. ಒಂದು ದಿನ ಹನ್ನೊಂದು ಗಂಟೆಗೆ, ಬೀದಿಯಲ್ಲಿ ಜನ ಗಿಜಿಗುಡುವ ಹೊತ್ತಿನಲ್ಲಿ, ಹಾಸ್ಟೆಲಿನ ಗಾಡಿ ದಿಂಬಿನಮ್ಮನ ಅಂಗಡಿಯ ಮುಂದೆ ನಿಂತಿತು. ಒಳಗೆ ಇಡಲು ಜಾಗವಿಲ್ಲದೆ, ಬೇಡವೆಂದು ವಾಪಸು ತಂದ ಮುನ್ನೂರು ದಿಂಬನ್ನೂ ಬಾಗಿಲಲ್ಲೇ ರಾಶಿ ಹಾಕಿದರು. ಕೆಲವು ಉದ್ದ, ಕೆಲವು ಗಿಡ್ಡ. ಕೆಲವು ಕಲ್ಲಿನ ಹಾಗೆ ಗಟ್ಟಿ, ಕೆಲವು ಹಪ್ಪಳದಷ್ಟು ತೆಳು. ಒಂದು ಮನೆಯವರು ಹೊಲಿದ ಗವಸು ಇನ್ನೊಂದು ಮನೆಯವರ ದಿಂಬಿಗೆ ಹತ್ತುತ್ತಿರಲಿಲ್ಲ. ಹೋಗುವವರು ಬರುವವರು ನಿಂತು ಒತ್ತಿ ನೋಡಿ ನಗುತ್ತಿದ್ದರು. ದಿಂಬಿನಮ್ಮ ಬಾಗಿಲ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಮೂವತ್ತು ವರ್ಷ ಯಾರಿಂದಲೂ ಒಂದು ದೂರು ಕೇಳದ ಹೆಂಗಸು.

ಸ್ವಲ್ಪ ಹೊತ್ತಿಗೆ ಎದ್ದು, ಎರಡು ಕಂಕುಳಲ್ಲಿ ಎರಡು ದಿಂಬು ಇಟ್ಟುಕೊಂಡು ನೇರ ಬ್ಯಾಗಣ್ಣನ ಅಂಗಡಿಗೆ ಬಂದರು. ನನಗೆ ಏನೋ ಆಗುತ್ತದೆ ಎನ್ನಿಸಿ ನಾನೂ ರಸ್ತೆ ದಾಟಿದೆ. ಅವರು ದಿಂಬುಗಳನ್ನು ಕೌಂಟರಿನ ಮೇಲೆ ಇಟ್ಟರು. ಜಗಳಕ್ಕೆ ಬಂದವರ ದನಿಯಲ್ಲ, ದಾರಿ ಕೇಳುವವರ ದನಿ.

"ನೀವು ಹೇಳ್ದಂಗೇ ಮಾಡ್ದೆ ಅಣ್ಣಾ. ಬಟ್ಟೆ ಕೊಟ್ಟೆ, ಹತ್ತಿ ಕೊಟ್ಟೆ, ಅಳತೆ ಹೇಳ್ದೆ. ಎಲ್ಲಿ ತಪ್ಪಿದೆ ಅಂತ ಹೇಳಿ. ನಿಮ್ ಬ್ಯಾಗೆಲ್ಲಾ ಒಂದೇ ಸಮ ಬರುತ್ತಲ್ಲಾ, ಅದು ಹೇಗೆ ಬರುತ್ತೆ?"

ಬ್ಯಾಗಣ್ಣ ಒಂದು ದಿಂಬನ್ನು ಎತ್ತಿ ತಿರುಗಿಸಿ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಿಂದ ತನ್ನ ಅಂಗಡಿಗೆ ಒಂದೇ ಸಮನಾಗಿ ಬಂದು ಬೀಳುತ್ತಿದ್ದ ಬ್ಯಾಗು ಹೇಗೆ ಬೀಳುತ್ತದೆಂದು ಅವನು ಒಂದು ದಿನವೂ ಕೇಳಿರಲಿಲ್ಲ. ಹಿಂದೆ ಮಿಷನ್ ಸದ್ದು ನಿಂತುಹೋಗಿತ್ತು. ಪರದೆ ಸರಿಸಿ "ಅತ್ತಿಗೆ, ಸ್ವಲ್ಪ ಬನ್ನಿ," ಎಂದಿದ್ದರೆ ಸಾಕಿತ್ತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಪರದೆಯ ಕಡೆ ಒಂದು ಸಲ ತಿರುಗಿ ನೋಡಿದ, ನನ್ನನ್ನು ನೋಡಿದ, ಆಮೇಲೆ ದಿಂಬನ್ನು ನೋಡುತ್ತ ಹೇಳಿದ:

"ನೀವು ಸರಿಯಾಗಿ ಕೇಳಿಸ್ಕೊಂಡಿಲ್ಲ ಅಮ್ಮಾ. ನಾನು ಹೇಳಿದ್ದು ಹಾಗಲ್ಲ."

ದಿಂಬಿನಮ್ಮ ಒಂದು ಗಳಿಗೆ ಅವನನ್ನೇ ದಿಟ್ಟಿಸಿದರು. "ಇರಬಹುದು," ಎಂದರು. "ನಂಗೆ ಕಿವಿ ಸ್ವಲ್ಪ ಮಂದ." ದಿಂಬುಗಳನ್ನು ಮತ್ತೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟುಹೋದರು. ಅವರ ಕಿವಿ ಎಷ್ಟು ಚುರುಕು ಎಂದು ಇಡೀ ಬೀದಿಗೆ ಗೊತ್ತು.

ಅತ್ತಿಗೆ ಆಗಲೂ ಹೊರಗೆ ಬರಲಿಲ್ಲ. ಮಿಷನ್ ಮತ್ತೆ ಓಡತೊಡಗಿತು. ಅದರ ಸದ್ದು ಅವತ್ತು ಬೈದ ಹಾಗೆ ಕೇಳಿಸುತ್ತಿತ್ತೆಂದು ಬ್ಯಾಗಣ್ಣ ಮುಂದೊಂದು ದಿನ ನನ್ನ ಬಳಿ ಹೇಳಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತಂತೆ.

ಆಮೇಲಿನ ದಿನಗಳಲ್ಲಿ ಅವನು ಅರ್ಧ ಮನುಷ್ಯನಾದ. ಬೀದಿಯ ತುದಿಗೆ ಹೋಗುವ ಕೆಲಸವಿದ್ದರೆ ಹಿಂದಿನ ಗಲ್ಲಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. "ಏನ್ ಬ್ಯಾಗಣ್ಣ, ಭಾಷಣ ಭರ್ಜರಿ," ಎಂದು ಯಾರಾದರೂ ಅಂದರೆ ಚೇಳು ಕಡಿದವನಂತೆ ಬೆಚ್ಚುತ್ತಿದ್ದ. "ಅತ್ತಿಗೆ ತಟ್ಟೆಗೆ ಬಡಿಸುವಾಗ ಆ ಕೈ ನೋಡೋಕಾಗಲ್ಲ ಕಣೋ," ಎಂದ ನನ್ನ ಹತ್ತಿರ. "ತಲೆ ಬಗ್ಗಿಸ್ಕೊಂಡು ಗಬಗಬ ತಿಂದು ಎದ್ದುಬಿಡ್ತೀನಿ. ಹಸಿವು ಜಾಸ್ತಿ ಆಗಿದೆ ಅಂದ್ಕೊಂಡು ಅವರು ಇನ್ನಷ್ಟು ಬಡಿಸ್ತಾರೆ."

ಹತ್ತನೆಯ ದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೌಂಟರಿನಿಂದ ಎದ್ದು ಪರದೆಯಾಚೆ ಹೋಗಿ ನಿಂತನಂತೆ. ಅಲ್ಲಿ ಕೂರಲು ಎರಡನೆಯ ಸ್ಟೂಲು ಕೂಡ ಇರಲಿಲ್ಲ. ಕ್ಯಾನ್ವಾಸ್ ಸುರುಳಿಯ ಮೇಲೆ ಕೂತು ಕೇಳಿದ:

"ಅತ್ತಿಗೆ, ಮೊದಲ ಸಲ ಹೊರಗಡೆ ಮನೆಗಳಿಗೆ ಕೆಲಸ ಕೊಟ್ರಲ್ಲ, ಆಗ ಏನೇನು ಮಾಡಿದ್ರಿ?"

ಅವರು ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ಈಗ ಯಾಕೆ?"

"ನಂಗೆ ಗೊತ್ತಿಲ್ಲ, ಅದಕ್ಕೆ."

ಆಗ ಮಿಷನ್ ನಿಲ್ಲಿಸಿ ಹೇಳಿದರು. "ಪೂರ್ತಿ ಬ್ಯಾಗ್ ಯಾರಿಗೂ ಕೊಟ್ಟಿರ್ಲಿಲ್ಲ. ಮೂರೇ ಮನೆ. ಒಬ್ರಿಗೆ ಪಟ್ಟಿ ಮಾತ್ರ, ಇನ್ನೊಬ್ರಿಗೆ ಜೇಬು, ಮತ್ತೊಬ್ರಿಗೆ ಒಳಗಿನ ಅಸ್ತರು. ಒಂದೇ ಕೆಲಸ ಆದ್ರೆ ಕೈಗೆ ಬೇಗ ಕೂರುತ್ತೆ. ಕೆಟ್ರೂ ಪಟ್ಟಿ ಕೆಡುತ್ತೆ, ಬ್ಯಾಗ್ ಕೆಡಲ್ಲ. ಅಳತೆ ಬಾಯಲ್ಲಿ ಹೇಳ್ಲೇ ಇಲ್ಲ. ರಟ್ಟು ಕತ್ತರಿಸಿ ಕೊಟ್ಟೆ, ಅದರ ಮೇಲೆ ಬಟ್ಟೆ ಇಟ್ಟು ಗೀಟು ಎಳ್ಕೊಳ್ಳಿ ಅಂತ. ಜೊತೆಗೆ ಹೊಲಿದ ಮಾದರಿ ಒಂದೊಂದು. ಮೊದಲ ವಾರ ದಿನಾ ಹೋಗಿ ಪಕ್ಕದಲ್ಲಿ ಕೂತಿದ್ದೆ."

"ತಪ್ಪು ಯಾರದು ಅಂತ ಹೇಗೆ ಗೊತ್ತಾಗ್ತಿತ್ತು?"

ಅವರು ಒಂದು ಬ್ಯಾಗನ್ನು ಒಳಮೈ ಮಾಡಿ ತೋರಿಸಿದರು. ಅಸ್ತರಿನ ಮೂಲೆಯಲ್ಲಿ ಕೆಂಪು ದಾರದ ಒಂದು ಸಣ್ಣ ಹೊಲಿಗೆ. ಪಟ್ಟಿಯ ಒಳಗೆ ಹಸಿರು. "ಒಂದೊಂದು ಮನೆಗೆ ಒಂದೊಂದು ಬಣ್ಣ. ಬೈಯೋಕಲ್ಲ. ಯಾರ ಮನೆಗೆ ನಾನು ಮತ್ತೆ ಹೋಗಿ ಕೂರಬೇಕು ಅಂತ ತಿಳಿಯೋಕೆ." ಇಷ್ಟು ವರ್ಷ ಸಾವಿರಾರು ಬ್ಯಾಗು ಕೈಯಾರೆ ಮಾರಿದವನು ಆ ದಾರವನ್ನು ಮೊದಲ ಸಲ ಕಂಡ.

"ಇನ್ನೊಂದು," ಎಂದರು ಅತ್ತಿಗೆ. "ಆರ್ಡರ್ ಬಿಡಬೇಡಿ ಅಂದ್ಯಲ್ಲ ಸಭೇಲಿ. ನಾವು ದೊಡ್ಡ ಆರ್ಡರ್ ಎರಡು ಸಲ ಬಿಟ್ಟಿದ್ದೀವಿ. ಮರೆತೋಯ್ತಾ? ಮೂರು ಮನೆ ಕೈಯಲ್ಲಿ ಆಗದ ಕೆಲಸ ಬೇಡ ಅಂತ ನಾನೇ ಹಟ ಹಿಡಿದೆ. ನೀನು ನನ್ನ ಮೇಲೆ ಮುನಿಸ್ಕೊಂಡು ಎರಡು ದಿನ ಊಟ ಬಿಟ್ಟಿದ್ದೆ."

ಅವನಿಗೆ ನೆನಪಾಯಿತು. ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಹೋಗೋಣ ಎನಿಸಿತಂತೆ. "ಅವತ್ತು ಗುಂಡಿ ಅಂದೆ, ಅತ್ತಿಗೆ," ಎಂದ.

"ಅಂದೆ," ಎಂದರು ಅವರು. ಪರವಾಗಿಲ್ಲ ಎನ್ನಲಿಲ್ಲ. ದಾರ ಪೋಣಿಸುತ್ತ, "ನಂಗೆ ಹೇಳಿ ಏನು ಬಂತು? ಮೊದ್ಲು ಆ ಅಮ್ಮನಿಗೆ ಹೋಗಿ ಹೇಳು. ಆಮೇಲೆ ನಾನು ರಟ್ಟು ತಗೊಂಡು ಹೋಗ್ತೀನಿ. ನೀನು ಹೇಳದೆ ನಾನು ಹೋದ್ರೆ ನಿನ್ನ ಮಾನ ಮುಚ್ಚೋಕೆ ಬಂದಂಗಾಗುತ್ತೆ," ಎಂದರು.

ಅವನು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ. ಒಬ್ಬನೇ ಹೋದರೆ ದಾರಿಯಲ್ಲೇ ತಿರುಗಿಬಿಡುತ್ತೇನೆಂಬ ಭಯ. ದಿಂಬಿನಮ್ಮ ಒಂದು ಗಟ್ಟಿ ದಿಂಬಿನ ಹೊಲಿಗೆ ಬಿಚ್ಚಿ ಹತ್ತಿ ತೆಗೆಯುತ್ತಿದ್ದರು. ಅಂಥ ದಿಂಬುಗಳು ಗೋಡೆಯೆತ್ತರ ಬಿದ್ದಿದ್ದವು. ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ.

"ಸಭೇಲಿ ಹೇಳಿದ್ದು ಯಾವುದೂ ನಾನು ಮಾಡಿದ್ದಲ್ಲ ಅಮ್ಮಾ," ಎಂದ ಬ್ಯಾಗಣ್ಣ. "ಎಲ್ಲಾ ನಮ್ಮತ್ತಿಗೆ ಮಾಡಿದ್ದು. ಹೇಗೆ ಮಾಡಿದ್ರು ಅಂತಾನೂ ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ನಿಮಗೆ ಹೇಳಿದೆ. ನೀವು ಸರಿಯಾಗೇ ಕೇಳಿಸ್ಕೊಂಡಿದ್ರಿ."

ದಿಂಬಿನಮ್ಮ ಹತ್ತಿ ಕೀಳುವುದನ್ನು ನಿಲ್ಲಿಸಲಿಲ್ಲ. "ಗೊತ್ತಿರ್ಲಿಲ್ಲ, ಸರಿ. ನಾನು ದಿಂಬು ತಗೊಂಡು ಬಂದು ಕೇಳ್ದಾಗ ಅವರನ್ನ ಯಾಕೆ ಕರೀಲಿಲ್ಲ? ಪರದೆ ಹಿಂದೇ ಇದ್ರಲ್ಲ?"

ಆ ಪ್ರಶ್ನೆ ನನಗೂ ಬಂದು ತಗುಲಿತು. ನಾನೂ ಅಲ್ಲೇ ಇದ್ದೆನಲ್ಲ, ನನಗೂ ಬಾಯಿತ್ತಲ್ಲ. ಅವರು ಇನ್ನೊಂದು ಹಿಡಿ ಹತ್ತಿ ಕಿತ್ತು, "ಹೋಗಿ, ನಂಗೆ ಕೆಲಸ ಇದೆ," ಎಂದರು.

ಮರುದಿನ ಅತ್ತಿಗೆ ರಟ್ಟು, ಕತ್ತರಿ, ನಾಲ್ಕು ಬಣ್ಣದ ದಾರ ಹಿಡಿದು ಬೀದಿಯ ತುದಿಗೆ ನಡೆದರು. ಮುನ್ನೂರು ದಿಂಬನ್ನೂ ಇಬ್ಬರೂ ಸೇರಿ ಬಿಚ್ಚಿದರು. ಒಂಬತ್ತು ಮನೆಯಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡು, ಅವರಿಗೆ ಬರೀ ಗವಸಿನ ಕೆಲಸ ಕೊಟ್ಟರು. ಹತ್ತಿಯನ್ನು ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು, ಅದನ್ನು ದಿಂಬಿನಮ್ಮನೇ ತುಂಬಬೇಕು ಎಂದಾಯಿತು. ಜನ ಅವರ ಹತ್ತಿರ ಬರುತ್ತಿದ್ದದ್ದು ಆ ಕೈಯ ಹದಕ್ಕೇ ಅಲ್ಲವೇ ಎಂದರಂತೆ ಅತ್ತಿಗೆ. ಮೊದಲು ಇಪ್ಪತ್ತು ದಿಂಬು, ಗುರುತಿನವರಿಗೆ ಮಾತ್ರ. ಹಾಸ್ಟೆಲಿನವರು ತಿರುಗಿ ಬರಲಿಲ್ಲ. ಅದು ಹೋದದ್ದು ಹೋಯಿತು. ಒಂದೂವರೆ ವರ್ಷದ ಮೇಲೆ ಮೂರನೆಯ ಮನೆಗೆ ಕೆಲಸ ಕೊಡುವ ಹಾಗಾಯಿತು. ಅಷ್ಟೇ ಬೆಳವಣಿಗೆ, ಆದರೆ ಒಂದು ದಿಂಬೂ ವಾಪಸು ಬಂದಿಲ್ಲ.

ಬ್ಯಾಗಣ್ಣ ಸಂಘದ ಮುಂದಿನ ಸಭೆಯಲ್ಲಿ ಐದು ನಿಮಿಷ ಕೇಳಿ ಪಡೆದ. ಅವತ್ತು ನನ್ನನ್ನು ಬಿಟ್ಟು ಹನ್ನೊಂದು ಜನ ಇದ್ದರು. ಚೀಟಿಯಿಲ್ಲದೆ, ಅಲಂಕಾರವಿಲ್ಲದೆ ಹೇಳಿದ: ಅಂಗಡಿ ಬೆಳೆಸಿದ್ದು ತಾನಲ್ಲ, ಅತ್ತಿಗೆ, ಗುಂಡಿಯ ಮಾತು ಸುಳ್ಳು, ಆರ್ಡರ್ ಬಿಡಬೇಡಿ ಎಂದದ್ದನ್ನು ಯಾರೂ ನಂಬಬೇಡಿ, ಕೈಗೆ ಎಷ್ಟು ಆಗುತ್ತದೋ ಅಷ್ಟನ್ನೇ ಒಪ್ಪಿಕೊಳ್ಳಿ, ತಾನು ಹೇಳಿದ್ದನ್ನು ಕೇಳಿ ಒಬ್ಬರ ಹೆಸರು ಕೆಟ್ಟಿತು. ಹೇಳಿ ಮುಗಿಸಿದಾಗ ಕಾರ್ಯದರ್ಶಿ ಎದ್ದು ಬಂದು ಅವನ ಬೆನ್ನು ತಟ್ಟಿದರು. "ನೋಡಿ, ಇಷ್ಟು ಬೆಳೆದರೂ ಎಂಥಾ ವಿನಯ! ಎಲ್ಲಾ ಮನೆಯವರಿಗೇ ಬಿಟ್ಟುಕೊಟ್ಟರು. ಇದು ದೊಡ್ಡವರ ಗುಣ!" ಹನ್ನೊಂದು ಜನರೂ ಹೋದ ಸಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. "ಅಲ್ಲ, ನಿಜವಾಗ್ಲೂ," ಎಂದು ಇವನು ಕೈ ಎತ್ತಿದ. ಅವರು ಇನ್ನೂ ತಟ್ಟಿದರು.

ಹೊರಗೆ ಬಂದವನು ಸಂಘದ ಮೆಟ್ಟಿಲ ಮೇಲೆ ಕೂತುಬಿಟ್ಟ. "ತಪ್ಪು ಒಪ್ಪಿಕೊಂಡ್ರೂ ನಂಗೇ ಲಾಭ ಆಗುತ್ತಲ್ಲೋ," ಎಂದ. ಅಳುವನೋ ನಗುವನೋ ತಿಳಿಯಲಿಲ್ಲ. ನಾನು ಈ ಸಲ ಚಪ್ಪಾಳೆ ತಟ್ಟಿರಲಿಲ್ಲ. ಅಷ್ಟು ಮಟ್ಟಿಗೆ ನನಗೆ ಸಮಾಧಾನ.

ಇದಾಗಿ ನಾಲ್ಕು ವರ್ಷ. ಅತ್ತಿಗೆಯನ್ನು ಕೌಂಟರಿಗೆ ಬಂದು ಕೂರಿ ಎಂದು ಅವನು ಎಷ್ಟೋ ಸಲ ಕರೆದ. "ನಂಗೆ ಜನರ ಹತ್ರ ಮಾತಾಡೋದು ಬೇಜಾರು. ಅದು ನಿಂಗೆ ಚೆನ್ನಾಗಿ ಬರುತ್ತೆ, ನೀನೇ ಮಾಡು," ಎಂದು ಅವರು ಒಪ್ಪಲಿಲ್ಲ. ಅಂಗಡಿ ಬೆಳೆಸುವ ದಾರಿ ಕೇಳಿಕೊಂಡು ಈಗಲೂ ಜನ ಬರುತ್ತಾರೆ. ಅವನು ಸ್ಟೂಲು ಎಳೆದು ಅವರನ್ನು ಅತ್ತಿಗೆಯ ಪಕ್ಕದಲ್ಲಿ ಕೂರಿಸಿ, ತಾನು ಬಂದು ಬ್ಯಾಗುಗಳ ಧೂಳು ಒರೆಸುತ್ತಾನೆ. ಒಳಗೆ ನಡೆಯುವ ಮಾತಿಗೆ ಕಿವಿ ಕೊಟ್ಟಿರುತ್ತಾನೆ.

ದಿಂಬಿನಮ್ಮ ವಾರಕ್ಕೊಮ್ಮೆ ದಾರಕ್ಕೋ ರಟ್ಟಿಗೋ ಬರುತ್ತಾರೆ. ಅವರು ಮೂರು ಅಂಗಡಿಯಾಚೆ ಇರುವಾಗಲೇ ಇವನು ಎದ್ದು ನಿಲ್ಲುತ್ತಾನೆ. ಅವರು ಅವನ ಮುಖ ನೋಡದೆ, ಹಾಗೆಂದು ಒರಟಾಗಿಯೂ ಅಲ್ಲ, ಒಂದೇ ಮಾತು ಕೇಳುತ್ತಾರೆ.

"ಅತ್ತಿಗೆ ಇದ್ದಾರಾ?"

"ಇದ್ದಾರೆ ಅಮ್ಮಾ, ಬನ್ನಿ," ಎಂದು ಅವನು ದಾರಿ ಬಿಡುತ್ತಾನೆ.